ಮೊದಲ ಏಟು ಬಿದ್ದಾಗ ಮುರಿಯುವುದೇನು?

ಪ್ರತಿವರ್ಷ ಜನವರಿ 27 ಹತ್ತಿರ ಬಂತೆಂದರೆ ವಾಟ್ಸಾಪಿನಲ್ಲಿ ಒಂದು ಬಗೆಯ ಸಂದೇಶ ಓಡಾಡಲು ಶುರುವಾಗುತ್ತದೆ. ಮುಳ್ಳುತಂತಿಯ ಚಿತ್ರ, ಅದರ ಮೇಲೆ ಒಂದು ಸುವಿಚಾರ. ಕೆಳಗೆ ನಾಜಿಗಳ ಸೆರೆಯಿಂದ ಬದುಕಿ ಬಂದ ಯಹೂದಿಯೊಬ್ಬರ ಹೆಸರು. ಮಾತಿನ ಸಾರ ಹೆಚ್ಚುಕಡಿಮೆ ಒಂದೇ: ಎಂಥ ಕಷ್ಟ ಬಂದರೂ ಮನಸ್ಸು ಗಟ್ಟಿಯಿದ್ದರೆ ಗೆಲ್ಲಬಹುದು, ನೋವು ಮನುಷ್ಯನನ್ನು ಮಾಗಿಸುತ್ತದೆ. ನಾವು ಓದಿ ತಲೆದೂಗಿ ಇನ್ನೊಂದು ಗ್ರೂಪಿಗೆ ದಾಟಿಸುತ್ತೇವೆ.

ಅದೇ ಸೆರೆಯಿಂದ ಬಂದ ಇನ್ನೊಬ್ಬರು ಇದಕ್ಕೆ ಪೂರ್ತಿ ಉಲ್ಟಾ ಹೇಳಿದ್ದಾರೆ. ಆಶ್ವಿಟ್ಜ್‌ನಲ್ಲಿ ನಾವು ಒಳ್ಳೆಯವರೂ ಆಗಲಿಲ್ಲ, ಮಾಗಲೂ ಇಲ್ಲ ಅಂತ. ಅವರ ಹೆಸರು ಝಾನ್ ಅಮೇರಿ. ಅವರ ಮಾತನ್ನು ಸುವಿಚಾರದ ಚಿತ್ರದ ಮೇಲೆ ಹಾಕಲು ಬರುವುದಿಲ್ಲ. ಅದಕ್ಕೇ ಇರಬೇಕು, ಹೆಚ್ಚಿನವರಿಗೆ ಅವರು ಗೊತ್ತಿಲ್ಲ. ಈ ಲೇಖನ ಮುಖ್ಯವಾಗಿ ಅವರ ಬಗ್ಗೆ. ಅವರ ಪಕ್ಕಕ್ಕೆ ಇನ್ನಿಬ್ಬರು ಬರುತ್ತಾರೆ.

ಮೊದಲು ಕೆಲವು ಪದಗಳು

ಜನವರಿ 27 ಅಂದರೆ 1945ರಲ್ಲಿ ಸೋವಿಯತ್ ಸೇನೆ ಆಶ್ವಿಟ್ಜ್ ತಲುಪಿದ ದಿನ. ಅಲ್ಲಿ ಆಗ ಉಳಿದಿದ್ದವರು ಸುಮಾರು 7,000 ಜನ, ಹೆಚ್ಚಿನವರು ಕಾಯಿಲೆ ಬಿದ್ದವರು. ನಡೆಯಬಲ್ಲವರನ್ನೆಲ್ಲ ನಾಜಿಗಳು ಅದಾಗಲೇ ಹಿಮದಲ್ಲಿ ನಡೆಸಿಕೊಂಡು ಹೋಗಿದ್ದರು. ವಿಶ್ವಸಂಸ್ಥೆ ಈ ದಿನವನ್ನು ಸ್ಮರಣೆಯ ದಿನ ಎಂದು ಸಾರಿದ್ದು 2005ರಲ್ಲಿ.

ನಾಜಿಗಳು ಅಂದರೆ 1933ರಲ್ಲಿ ಜರ್ಮನಿಯಲ್ಲಿ ಅಧಿಕಾರಕ್ಕೆ ಬಂದ ಹಿಟ್ಲರನ ಪಕ್ಷದವರು. ಗೆಸ್ಟಾಪೊ ಅವರ ಗುಪ್ತ ಪೊಲೀಸ್. ಎಸ್‌ಎಸ್ ಆ ಪಕ್ಷದ ಸ್ವಂತ ಪಡೆ, ಕ್ಯಾಂಪುಗಳನ್ನು ನಡೆಸುತ್ತಿದ್ದವರು ಇವರೇ. ಕ್ಯಾಂಪುಗಳಲ್ಲಿ ಎರಡು ಬಗೆ. ಸಾಯುವವರೆಗೆ ದುಡಿಸುವುದು ಒಂದು, ಬಂದವರನ್ನು ಬಂದ ದಿನವೇ ಕೊಲ್ಲುವುದು ಇನ್ನೊಂದು. ನಾಜಿಗಳು ಹಿಡಿದುಕೊಂಡಿದ್ದ ಪೋಲೆಂಡಿನಲ್ಲಿದ್ದ ಆಶ್ವಿಟ್ಜ್‌ನಲ್ಲಿ ಎರಡೂ ಇದ್ದವು. ಅಲ್ಲಿ ಸತ್ತವರು ಸುಮಾರು 11 ಲಕ್ಷ, ಅದರಲ್ಲಿ ಸುಮಾರು 10 ಲಕ್ಷ ಯಹೂದಿಗಳು. ಯುರೋಪಿನಲ್ಲಿ ಒಟ್ಟು ಕೊಲೆಯಾದ ಯಹೂದಿಗಳು ಸುಮಾರು 60 ಲಕ್ಷ.

ಇನ್ನೊಂದು ಪದ, ಕಾಪೊ. ಕೈದಿಗಳಲ್ಲೇ ಒಬ್ಬನನ್ನು ಆರಿಸಿ ಉಳಿದವರ ಮೇಲೆ ಮೇಸ್ತ್ರಿ ಮಾಡುತ್ತಿದ್ದರು. ಅವನ ಕೈಗೊಂದು ದೊಣ್ಣೆ, ತಟ್ಟೆಗೆ ಸ್ವಲ್ಪ ಜಾಸ್ತಿ ಊಟ. ಇವನ ವಿಷಯ ಮುಂದೆ ಬರುತ್ತದೆ.

ಕಾಫಿ ಅಂಗಡಿಯಲ್ಲಿ ಓದಿದ ಕಾನೂನು

ಅಮೇರಿ ಹುಟ್ಟಿದ್ದು 1912ರಲ್ಲಿ, ಆಸ್ಟ್ರಿಯಾದ ವಿಯೆನ್ನಾದಲ್ಲಿ. ಆಗಿನ ಹೆಸರು ಹಾನ್ಸ್ ಮೇಯರ್. ತಂದೆ ಯಹೂದಿ, ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾದ ಪರ ಹೋರಾಡುತ್ತ ಸತ್ತವರು. ಹುಡುಗ ಬೆಳೆದದ್ದು ತಾಯಿಯ ಜೊತೆ, ಕ್ಯಾಥೊಲಿಕ್ ಪದ್ಧತಿಯಲ್ಲಿ. ಮನೆಯಲ್ಲಿ ಏನಾದರೂ ಸಣ್ಣಪುಟ್ಟದು ಕೆಟ್ಟರೆ ತಾಯಿ ಕರೆಯುತ್ತಿದ್ದುದು ಯೇಸು, ಮೇರಿ, ಜೋಸೆಫರನ್ನು. ಕ್ರಿಸ್‌ಮಸ್ ರಾತ್ರಿ ಹಿಮದಲ್ಲಿ ಚರ್ಚಿಗೆ ನಡೆದುಹೋದ ನೆನಪು ಅವರಿಗಿತ್ತು. ಯಹೂದಿಗಳ ಪ್ರಾರ್ಥನಾ ಮಂದಿರದ ನೆನಪು ಒಂದೂ ಇರಲಿಲ್ಲ.

1935ರಲ್ಲಿ ಜರ್ಮನಿ ನ್ಯೂರೆಂಬರ್ಗ್ ಕಾನೂನುಗಳನ್ನು ತಂದಿತು. ಯಾರು ಯಹೂದಿ ಅನ್ನುವುದನ್ನು ಅವರ ನಂಬಿಕೆ ಕೇಳಿ ತೀರ್ಮಾನಿಸುವುದಲ್ಲ, ಅಜ್ಜ-ಅಜ್ಜಿಯರಲ್ಲಿ ಎಷ್ಟು ಜನ ಯಹೂದಿಗಳು ಅಂತ ಎಣಿಸುವುದು. ವಿಯೆನ್ನಾದ ಒಂದು ಕಾಫಿ ಅಂಗಡಿಯಲ್ಲಿ ಕೂತು ಪತ್ರಿಕೆಯಲ್ಲಿ ಇದನ್ನು ಓದಿದಾಗ ಆ ಯುವಕನಿಗೆ ಒಂದು ವಿಷಯ ಹೊಳೆಯಿತು: ತಾನು ಒಪ್ಪಲಿ ಬಿಡಲಿ, ಇನ್ನು ಮುಂದೆ ತಾನು ಯಹೂದಿ. ಅದಕ್ಕೆ ಇದ್ದ ಅರ್ಥ ಒಂದೇ, ಯಾವಾಗ ಬೇಕಾದರೂ ಕೊಲ್ಲಬಹುದಾದ ಮನುಷ್ಯ.

ಇದನ್ನೇ ಅವರು ಮುಂದೆ ಹೀಗೆ ವಿವರಿಸಿದರು: ನನಗೆ ಯಹೂದಿಯಾಗಿರುವುದು ಸಾಧ್ಯವಿಲ್ಲ, ಆದರೆ ಆಗದೆ ಇರುವುದಕ್ಕೂ ಬರುವುದಿಲ್ಲ. ಸಾಧ್ಯವಿಲ್ಲ ಯಾಕೆಂದರೆ ಆ ಧರ್ಮ, ಭಾಷೆ, ಹಬ್ಬ ಯಾವುದೂ ಬಾಲ್ಯದಲ್ಲಿ ಸಿಕ್ಕಿರಲಿಲ್ಲ. ತಪ್ಪಿಸಿಕೊಳ್ಳಲು ಬರುವುದಿಲ್ಲ ಯಾಕೆಂದರೆ ಎಡಗೈ ಮೇಲೆ ಹಚ್ಚೆ ಹಾಕಿದ ಆಶ್ವಿಟ್ಜ್ ನಂಬರ್ ಇತ್ತು. ಅದು ಧರ್ಮಗ್ರಂಥಗಳಿಗಿಂತ ಚಿಕ್ಕದು, ಆದರೂ ತನ್ನ ಬಗ್ಗೆ ಅವಕ್ಕಿಂತ ಜಾಸ್ತಿ ಹೇಳುತ್ತದೆ ಅನ್ನುತ್ತಿದ್ದರು.

1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ಮೇಲೆ ಅವರು ಬೆಲ್ಜಿಯಂಗೆ ಓಡಿದರು. 1940ರಲ್ಲಿ ಜರ್ಮನಿ ಅಲ್ಲಿಗೂ ನುಗ್ಗಿದಾಗ ಬೆಲ್ಜಿಯಂನವರು ಇವರನ್ನು ಜರ್ಮನ್ ಪ್ರಜೆ, ಶತ್ರು ದೇಶದವನು ಅಂತ ಹಿಡಿದು ದಕ್ಷಿಣ ಫ್ರಾನ್ಸಿಗೆ ಸಾಗಿಸಿದರು. ಜರ್ಮನರಿಗೆ ಯಹೂದಿ, ಬೆಲ್ಜಿಯಂನವರಿಗೆ ಜರ್ಮನ್. ಅಲ್ಲಿನ ಕ್ಯಾಂಪಿನಿಂದ ತಪ್ಪಿಸಿಕೊಂಡು ಬ್ರಸೆಲ್ಸ್‌ಗೆ ಮರಳಿ, ನಾಜಿ ವಿರೋಧಿ ಗುಂಪೊಂದನ್ನು ಸೇರಿದರು. 1943ರ ಜುಲೈನಲ್ಲಿ ಕರಪತ್ರಗಳ ಸಮೇತ ಗೆಸ್ಟಾಪೊ ಕೈಗೆ ಸಿಕ್ಕಿಬಿದ್ದರು.

ಲೋಕದ ಮೇಲಿನ ನಂಬಿಕೆ

ಅಮೇರಿಯ ವಿಚಾರಗಳಲ್ಲಿ ತುಂಬಾ ಗಟ್ಟಿಯಾದದ್ದು ಶುರುವಾಗುವುದು ಇಲ್ಲಿಂದ. ಬಂಧನದ ನಂತರ ಬಿದ್ದ ಮೊದಲ ಏಟಿನಿಂದ.

ನಾವು ಬಸ್ಸಿನಲ್ಲಿ ಅಪರಿಚಿತರ ಪಕ್ಕ ಕೂರುತ್ತೇವೆ. ಕಣ್ಣು ಮುಚ್ಚಿ ನಿದ್ದೆಯನ್ನೂ ಮಾಡುತ್ತೇವೆ. ಪಕ್ಕದವನು ಸುಮ್ನೆ ಎದ್ದು ಕೆನ್ನೆಗೆ ಬಾರಿಸಲಾರ ಅಂತ ಯಾರೂ ಬರೆದುಕೊಟ್ಟಿಲ್ಲ, ಆದರೂ ಗೊತ್ತು. ನನ್ನ ಚರ್ಮ ಅನ್ನುವುದು ನನ್ನ ಬೇಲಿ. ಅದರೊಳಗೆ ಬರಬೇಕಾದರೆ ನನ್ನ ಒಪ್ಪಿಗೆ ಬೇಕು. ಇನ್ನೊಂದು ಭರವಸೆಯೂ ಇದರ ಜೊತೆಗಿದೆ. ಏನಾದರೂ ಆದರೆ ಯಾರಾದರೂ ಬರುತ್ತಾರೆ. ರಾತ್ರಿ ಜ್ವರ ಬಂದು ಮಗು ನರಳಿದರೆ ಅಮ್ಮ ಎದ್ದು ಬರುತ್ತಾಳೆ. ರಸ್ತೆಯಲ್ಲಿ ಬಿದ್ದರೆ ಯಾರೋ ನೀರು ಹಿಡಿದು ಓಡಿ ಬರುತ್ತಾರೆ. ಯುದ್ಧದಲ್ಲಿ ಕೂಡ ಗಾಯಗೊಂಡವನ ಕಡೆಗೆ ಆಂಬುಲೆನ್ಸ್ ಹೊರಡುತ್ತದೆ. ಈ ಎರಡನ್ನೂ ಸೇರಿಸಿ ಅಮೇರಿ ಕೊಟ್ಟ ಹೆಸರು, ಲೋಕದ ಮೇಲಿನ ನಂಬಿಕೆ.

ಮೊದಲ ಏಟು ಬಿದ್ದಾಗ ಹೋಗುವುದು ಇದು. ನೋವು ದೊಡ್ಡದಲ್ಲದೆ ಇರಬಹುದು. ತಿರುಗಿ ಹೊಡೆಯಲು ಆಗುವುದಿಲ್ಲ, ಬಿಡಿಸಲು ಯಾರೂ ಬರುವುದಿಲ್ಲ ಅಂತ ಆ ಕ್ಷಣಕ್ಕೆ ತಿಳಿದುಬಿಡುತ್ತದೆ. ಇನ್ನು ನನ್ನನ್ನು ಏನು ಬೇಕಾದರೂ ಮಾಡಬಹುದು. ಜಗಳದಲ್ಲಿ ತಿನ್ನುವ ಏಟಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ನಂತರ ಅವರನ್ನು ಬ್ರಸೆಲ್ಸ್ ಮತ್ತು ಆಂಟ್ವೆರ್ಪ್ ನಡುವೆ ಇರುವ ಬ್ರೀನ್‌ಡಾಂಕ್ ಕೋಟೆಗೆ ಒಯ್ದರು. ಅದು ಈಗ ಸ್ಮಾರಕ, ಹೋಗಿ ನೋಡಬಹುದು. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಚಾವಣಿಯಿಂದ ಇಳಿಬಿಟ್ಟ ಕೊಕ್ಕೆಗೆ ಸಿಕ್ಕಿಸಿ ಮೇಲಕ್ಕೆ ಎಳೆದರು. ಮೈಯ ಭಾರಕ್ಕೆ ಎರಡೂ ತೋಳುಗಳು ಕೀಲು ತಪ್ಪಿದವು. ಗೆಳೆಯರ ಹೆಸರು ಹೇಳು ಅಂತ ಒತ್ತಾಯ. ಇವರಿಗೆ ಗೊತ್ತಿದ್ದುದು ಸುಳ್ಳು ಹೆಸರುಗಳು ಮಾತ್ರ. ನಿಜವಾದ ಹೆಸರುಗಳು ಗೊತ್ತಿದ್ದಿದ್ದರೆ ಹೇಳಿಬಿಡುತ್ತಿದ್ದೆ ಅಂತ ಆಮೇಲೆ ಯಾವ ಮುಚ್ಚುಮರೆ ಇಲ್ಲದೆ ಬರೆದರು. ವೀರನಂತೆ ಕಾಣಿಸಿಕೊಳ್ಳುವ ಆಸೆ ಅವರಿಗೆ ಇರಲಿಲ್ಲ.

ಅವರ ಪ್ರಕಾರ ಚಿತ್ರಹಿಂಸೆಯಲ್ಲಿ ಮನುಷ್ಯ ಬರೀ ಮೈ ಆಗಿ ಉಳಿಯುತ್ತಾನೆ. ಮಾಮೂಲಿ ದಿನಗಳಲ್ಲಿ ನಮಗೆ ಮೈ ಇರುವುದೇ ಅರಿವಿರುವುದಿಲ್ಲ. ಹಲ್ಲುನೋವು ಬಂದಾಗ ಇಡೀ ಲೋಕವೇ ಒಂದು ಹಲ್ಲಾಗುತ್ತದೆ ಅಲ್ವಾ, ಅದನ್ನು ಎಷ್ಟೋ ಪಟ್ಟು ಹೆಚ್ಚಿಸಿ ನೋಡಬೇಕು. ವಿಚಾರ, ನೆನಪು, ಪ್ರೀತಿ ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಚಿತ್ರಹಿಂಸೆಗೆ ಸಿಕ್ಕಿದವನು ಅದರಲ್ಲೇ ಉಳಿದುಬಿಡುತ್ತಾನೆ ಅಂದರು. 22 ವರ್ಷ ಕಳೆದ ಮೇಲೂ ತಾನಿನ್ನೂ ಅಲ್ಲೇ ನೇತಾಡುತ್ತಿದ್ದೇನೆ ಅಂತ ಬರೆದರು.

ಓದಿದವರಿಗೆ ಏನು ಉಪಯೋಗವಾಯಿತು?

ಯಹೂದಿ ಅಂತ ಗೊತ್ತಾದ ಮೇಲೆ ಅವರನ್ನು 1944ರ ಜನವರಿಯಲ್ಲಿ ಆಶ್ವಿಟ್ಜ್‌ಗೆ ಕಳಿಸಿದರು. ಅಲ್ಲಿನ ಮೊನೊವಿಟ್ಜ್ ಎಂಬ ಭಾಗದಲ್ಲಿ ಕೃತಕ ರಬ್ಬರಿನ ಕಾರ್ಖಾನೆ ಕಟ್ಟುವ ಕೆಲಸ ನಡೆದಿತ್ತು. ಇವರ ಕೈಗೆ ಸಲಿಕೆ ಬಂತು.

ಕಷ್ಟಕಾಲದಲ್ಲಿ ಓದು, ಕಾವ್ಯ, ತತ್ವಜ್ಞಾನ ಕೈಹಿಡಿಯುತ್ತವೆ ಅಂತ ನಾವು ನಂಬಿಕೊಂಡಿದ್ದೇವೆ. ಅಮೇರಿ ಅದನ್ನು ಒಪ್ಪುವುದಿಲ್ಲ. ಕ್ಯಾಂಪಿನಲ್ಲಿ ಬೀಗ ರಿಪೇರಿ ಮಾಡುವವನಿಗೆ, ವಿದ್ಯುತ್ ಕೆಲಸ ಬಲ್ಲವನಿಗೆ ಬೆಲೆಯಿತ್ತು, ಅವನಿಗೆ ಸೂರಿನಡಿ ಕೆಲಸ ಸಿಗಬಹುದಿತ್ತು. ಮೇಷ್ಟ್ರಿಗೆ, ವಕೀಲರಿಗೆ ಸಿಗುತ್ತಿದ್ದುದು ಮಣ್ಣು ಹೊರುವ ಕೆಲಸ. ಒಂದು ಸಂಜೆ ಕೆಲಸ ಮುಗಿಸಿ ಕಾಲೆಳೆದುಕೊಂಡು ಬರುವಾಗ ಒಂದು ಬಾವುಟ ಗಾಳಿಗೆ ಹಾರುತ್ತಿರುವುದು ಕಂಡು, ಜರ್ಮನ್ ಕವಿ ಹೋಲ್ಡರ್‌ಲಿನ್ನನ ಸಾಲು ಅವರ ಬಾಯಿಗೆ ಬಂತು. ಗೋಡೆಗಳು ಮಾತಿಲ್ಲದೆ ತಣ್ಣಗೆ ನಿಂತಿವೆ ಅನ್ನುವ ಸಾಲು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿಕೊಂಡರು. ಏನೂ ಆಗಲಿಲ್ಲ. ಸಾಲು ಬರೀ ಶಬ್ದವಾಗಿತ್ತು. ಜರ್ಮನ್ ಕಾವ್ಯವೂ ಈಗ ಹೊಡೆಯುವವರ ಪಾಲಾಗಿದೆ ಅನ್ನಿಸಿತು. ಒಳಗೆ ಗಟ್ಟಿಯಾಗಿ ನಿಂತವರು ದೇವರನ್ನು ನಂಬಿದವರು, ಇಲ್ಲವೇ ಕ್ರಾಂತಿಯನ್ನು ನಂಬಿದವರು. ಎರಡನ್ನೂ ನಂಬದ ಅಮೇರಿ ಇದನ್ನು ಬಿಚ್ಚುಮನಸ್ಸಿನಿಂದ ಒಪ್ಪಿಕೊಂಡರು. ಹಾಗಂತ ಅವರ ದಾರಿಗೆ ಹೋಗಲಿಲ್ಲ.

ಅದೇ ಕ್ಯಾಂಪಿನಲ್ಲಿ, ಅದೇ ತಿಂಗಳುಗಳಲ್ಲಿ ಇಟಲಿಯ ಟ್ಯೂರಿನ್ ಊರಿನ ಇನ್ನೊಬ್ಬ ಕೈದಿ ಇದ್ದರು. ಪ್ರಿಮೊ ಲೆವಿ, 24 ವರ್ಷದ ರಸಾಯನಶಾಸ್ತ್ರಜ್ಞ. ಅವರು ಬಂದ ಹೊಸದರಲ್ಲಿ ಬಾಯಾರಿ ಕಿಟಕಿಯಾಚೆ ಕೈಹಾಕಿ ಒಂದು ಮಂಜುಗಡ್ಡೆ ಮುರಿದುಕೊಂಡರು. ಕಾವಲುಗಾರ ಕಿತ್ತುಕೊಂಡ. ಯಾಕೆ ಅಂತ ಕೇಳಿದರು. ಇಲ್ಲಿ ಯಾಕೆ ಅನ್ನುವುದಿಲ್ಲ ಅಂದ ಅವನು. ಓದಿದವನ ಇಡೀ ಬಂಡವಾಳ ಯಾಕೆ ಅನ್ನುವ ಒಂದು ಪ್ರಶ್ನೆ. ಅದಕ್ಕೇ ಇಲ್ಲಿ ಜಾಗವಿಲ್ಲ.

ಆದರೂ ಲೆವಿಯ ಅನುಭವ ಬೇರೆ. ಒಂದು ದಿನ ಸೂಪಿನ ಹಂಡೆ ತರಲು ಹೋಗುತ್ತ ದಾರಿಯಲ್ಲಿ ಫ್ರೆಂಚ್ ಗೆಳೆಯನಿಗೆ ಇಟಾಲಿಯನ್ ಕಲಿಸಲು ಡಾಂಟೆಯ ಕಾವ್ಯದ ಸಾಲುಗಳನ್ನು ನೆನಪಿಸಿಕೊಂಡು ಹೇಳತೊಡಗಿದರು. ಕೆಲವು ಸಾಲು ನೆನಪಿಗೆ ಬರಲಿಲ್ಲ. ಅವು ಸಿಗುವುದಾದರೆ ಇವತ್ತಿನ ಸೂಪು ಬಿಟ್ಟುಕೊಡುತ್ತೇನೆ ಅನ್ನಿಸಿತಂತೆ. ಹಸಿವಿನಿಂದ ಸಾಯುತ್ತಿರುವವನ ಲೆಕ್ಕದಲ್ಲಿ ಒಂದು ಹೊತ್ತಿನ ಸೂಪಿನ ಬೆಲೆ ಎಷ್ಟು ಅಂತ ಯೋಚಿಸಿ. ಒಬ್ಬರಿಗೆ ಕಾವ್ಯ ಸತ್ತುಹೋಯಿತು, ಇನ್ನೊಬ್ಬರಿಗೆ ಉಸಿರಾಡಿತು. ಇಬ್ಬರಲ್ಲಿ ಯಾರು ಸರಿ ಅಂತ ಕೇಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ವಾಟ್ಸಾಪಿನ ಸುವಿಚಾರದಲ್ಲಿ ಹೆಚ್ಚಾಗಿ ಬರುವ ಹೆಸರು ವಿಕ್ಟರ್ ಫ್ರಾಂಕ್ಲ್ ಅವರದ್ದು. ಅವರೂ ವಿಯೆನ್ನಾದವರೇ, ಮನೋವೈದ್ಯರು. ನಾಲ್ಕು ಕ್ಯಾಂಪುಗಳನ್ನು ಕಂಡು 1945ರ ಏಪ್ರಿಲ್‌ನಲ್ಲಿ ಬಿಡುಗಡೆಯಾದರು. ತಂದೆ, ತಾಯಿ, ಅಣ್ಣ, ಹೆಂಡತಿ ಯಾರೂ ಉಳಿಯಲಿಲ್ಲ. ಎಲ್ಲವನ್ನೂ ಕಿತ್ತುಕೊಂಡರೂ, ಬಂದದ್ದನ್ನು ಹೇಗೆ ಎದುರಿಸಬೇಕು ಅನ್ನುವ ಆಯ್ಕೆ ಕೊನೆಯವರೆಗೂ ಮನುಷ್ಯನ ಬಳಿ ಉಳಿಯುತ್ತದೆ ಅನ್ನುವುದು ಅವರ ಮುಖ್ಯ ಮಾತು. ಬದುಕಿಗೆ ಒಂದು ಅರ್ಥ ಹಿಡಿದುಕೊಂಡವನು ತಾಳಬಲ್ಲ ಅಂತ. ಇದೇ ಫ್ರಾಂಕ್ಲ್ ಇನ್ನೊಂದು ಮಾತನ್ನೂ ಬರೆದಿದ್ದಾರೆ: ನಮ್ಮಲ್ಲಿ ತುಂಬಾ ಒಳ್ಳೆಯವರು ಯಾರೋ, ಅವರು ವಾಪಸ್ ಬರಲಿಲ್ಲ. ಇದನ್ನು ಯಾರೂ ಫಾರ್ವರ್ಡ್ ಮಾಡಿದ್ದು ನಾನು ನೋಡಿಲ್ಲ.

ಒಂದು ಗುದ್ದು

ಕ್ಯಾಂಪಿನಲ್ಲಿ ಒಬ್ಬ ಪೋಲಿಷ್ ಮೇಸ್ತ್ರಿಯಿದ್ದ. ಕೈದಿಯೇ, ವೃತ್ತಿಯಲ್ಲಿ ಅಪರಾಧಿ, ಭಾರೀ ಬಲಶಾಲಿ. ಯಾವುದೋ ಸಣ್ಣ ಕಾರಣಕ್ಕೆ ಅಮೇರಿಯ ಮುಖಕ್ಕೆ ಹೊಡೆದ. ಅಮೇರಿ ತಿರುಗಿ ಅವನ ದವಡೆಗೆ ಒಂದು ಗುದ್ದು ಕೊಟ್ಟರು. ಆಮೇಲೆ ಚೆನ್ನಾಗಿ ಪೆಟ್ಟು ತಿಂದರು, ಅದು ಗೊತ್ತಿದ್ದದ್ದೇ. ಆದರೆ ಮನಸ್ಸಿಗೆ ಸಮಾಧಾನವಾಗಿತ್ತು.

ಘನತೆ ನನ್ನೊಳಗೇ ಇದೆ, ಅದನ್ನು ಯಾರೂ ಮುಟ್ಟಲಾರರು ಅನ್ನುವುದನ್ನು ಅಮೇರಿ ನಂಬುತ್ತಿರಲಿಲ್ಲ. ಘನತೆಯನ್ನು ಕೊಡುವುದು ಸುತ್ತಲಿನ ಜನ. ಇಡೀ ಸಮಾಜವೇ ನೀನು ಮನುಷ್ಯನಲ್ಲ ಅಂದಾಗ ಮನಸ್ಸಿನಲ್ಲಿ ನಾನು ಮನುಷ್ಯ ಅಂದುಕೊಂಡು ಕೂರುವುದು ಸಾಲದು. ಅವತ್ತು ತನ್ನ ಘನತೆ ತನ್ನ ಮುಷ್ಟಿಯಲ್ಲಿತ್ತು ಅನ್ನುತ್ತಾರೆ.

ಲೆವಿ ಇದನ್ನು ಮೆಚ್ಚಿಕೊಂಡರೂ ತನ್ನಿಂದ ಆಗದ ಕೆಲಸ ಅಂದರು. ಇಡೀ ಲೋಕದ ಜೊತೆ ಗುದ್ದಾಡುವವನು ಘನತೆ ಗಳಿಸುತ್ತಾನೆ, ಆದರೆ ತುಂಬಾ ಬೆಲೆ ತೆರುತ್ತಾನೆ, ಯಾಕೆಂದರೆ ಸೋಲು ಖಂಡಿತ. ಲೆವಿಯ ಕಣ್ಣು ನೆಟ್ಟಿದ್ದು ಬೇರೆ ಕಡೆ. ಆ ಮೇಸ್ತ್ರಿ ಯಾರು? ಅವನೂ ಕೈದಿ. ಒಂದು ಬಟ್ಟಲು ಸೂಪು ಜಾಸ್ತಿ ಸಿಗಲಿ ಅಂತ ದೊಣ್ಣೆ ಹಿಡಿದವನು. ಅವನನ್ನು ತಪ್ಪಿತಸ್ಥರ ಸಾಲಿಗೆ ಹಾಕುವುದೋ, ನೊಂದವರ ಸಾಲಿಗೋ? ಕಪ್ಪು ಬಿಳುಪಿನ ನಡುವಿನ ಈ ಜಾಗಕ್ಕೆ ಲೆವಿ ಬೂದು ವಲಯ ಎಂದು ಹೆಸರಿಟ್ಟರು. ನಾಜಿಗಳ ದೊಡ್ಡ ಪಾಪಗಳಲ್ಲಿ ಇದೂ ಒಂದು ಅನ್ನುತ್ತಾರೆ ಅವರು, ನೊಂದವರ ಕೈಗೂ ಮಸಿ ಬಳಿದದ್ದು. ಹಾಗಂತ ಕೊಂದವರನ್ನೂ ಸತ್ತವರನ್ನೂ ಒಂದೇ ತಕ್ಕಡಿಗೆ ಹಾಕಲು ಅವರು ಸುತರಾಂ ಒಪ್ಪಲಿಲ್ಲ.

ಬದುಕಿ ಬಂದವರ ನಾಚಿಕೆಯನ್ನೂ ಅವರು ಹೀಗೇ ಬಿಡಿಸಿದರು. ತಪ್ಪೇ ಮಾಡದವನಿಗೆ ನಾಚಿಕೆ ಯಾಕೆ? ನಾನು ಇನ್ನೊಬ್ಬರ ಜಾಗದಲ್ಲಿ ಬದುಕಿದ್ದೇನೇನೋ ಅನ್ನುವ ಅನುಮಾನ. ಸಿಕ್ಕ ಸ್ವಲ್ಪ ನೀರನ್ನು ಆಪ್ತ ಗೆಳೆಯನ ಜೊತೆ ಮಾತ್ರ ಹಂಚಿಕೊಂಡು, ಪಕ್ಕದಲ್ಲಿದ್ದವನಿಗೆ ಕೊಡದೆ ಇದ್ದದ್ದು ಎಷ್ಟೋ ವರ್ಷ ಅವರನ್ನು ಚುಚ್ಚುತ್ತಿತ್ತು.

ಊರು ಎಷ್ಟು ಬೇಕು?

ಮನುಷ್ಯನಿಗೆ ಎಷ್ಟು ಹೈಮಾಟ್ ಬೇಕು ಅನ್ನುವುದು ಅಮೇರಿ ಕೇಳಿಕೊಂಡ ಇನ್ನೊಂದು ಪ್ರಶ್ನೆ. ಈ ಜರ್ಮನ್ ಪದ ಬೇರೆ ಭಾಷೆಗೆ ಸುಲಭಕ್ಕೆ ಹೋಗುವುದಿಲ್ಲ ಅನ್ನುತ್ತಾರೆ. ನಮಗೆ ಆ ಕಷ್ಟವಿಲ್ಲ. ನಿಮ್ಮೂರು ಯಾವುದು ಅಂತ ಕೇಳುವಾಗಿನ ಊರು ಅದೇ. ದಾರಿ ಕೇಳದೆ ನಡೆಯಬಹುದಾದ ಜಾಗ. ಎದುರು ಸಿಕ್ಕವನ ಮಾತಿನಲ್ಲಿ ಇರುವುದೆಷ್ಟು, ಬಿಟ್ಟದ್ದೆಷ್ಟು ಅಂತ ಗೊತ್ತಾಗುವ ಜಾಗ.

ಅವರು ಕೊಟ್ಟ ಉತ್ತರ: ಜೊತೆಗೆ ಹೊತ್ತೊಯ್ಯಲು ಆಗುವುದು ಎಷ್ಟು ಕಡಿಮೆಯೋ, ಊರು ಅಷ್ಟು ಜಾಸ್ತಿ ಬೇಕು. ದುಡ್ಡು, ಹೆಸರು, ದೇವರು ಇದ್ದವರು ಊರನ್ನು ಗಂಟು ಕಟ್ಟಿಕೊಂಡು ಹೋಗಬಲ್ಲರು. ಅವರ ಬಳಿ ಮೂರೂ ಇರಲಿಲ್ಲ.

ಅವರು ಹೇಳುವ ಒಂದು ಪ್ರಸಂಗ ಎಲ್ಲಕ್ಕಿಂತ ಚೆನ್ನಾಗಿ ಇದನ್ನು ಬಿಡಿಸುತ್ತದೆ. ಬ್ರಸೆಲ್ಸ್‌ನಲ್ಲಿ ಕದ್ದುಮುಚ್ಚಿ ಕರಪತ್ರದ ಕೆಲಸ ನಡೆಯುತ್ತಿದ್ದ ಮನೆ. ಕೆಳಗಿನ ಮನೆಯಲ್ಲಿ ಒಬ್ಬ ಎಸ್‌ಎಸ್ ಸಿಪಾಯಿ. ಒಂದು ಮಧ್ಯಾಹ್ನ ಗಲಾಟೆಗೆ ಅವನ ನಿದ್ದೆ ಕೆಟ್ಟಿತು. ಗುಂಡಿ ಬಿಚ್ಚಿದ ಅಂಗಿ, ಕೆದರಿದ ತಲೆ, ಬಂದು ಬಾಗಿಲು ಬಡಿದ. ರಾತ್ರಿ ಪಾಳಿ ಮುಗಿಸಿ ಮಲಗಿದ್ದೇವೆ, ಸದ್ದು ಮಾಡಬೇಡಿ ಅಂತ ಕೂಗಾಡಿದ. ಕೂಗಿದ್ದು ಅಮೇರಿಯ ಊರ ಕಡೆಯ ಆಡುಮಾತಿನಲ್ಲಿ. ಎಷ್ಟೋ ಕಾಲದಿಂದ ಆ ಮಾತು ಕಿವಿಗೆ ಬಿದ್ದಿರಲಿಲ್ಲ. ಪರದೇಶದ ರೈಲಿನಲ್ಲಿ ಹಿಂದಿನ ಸೀಟಿನಿಂದ ನಮ್ಮೂರ ಕನ್ನಡ ಕೇಳಿದರೆ ಕತ್ತು ತಾನಾಗಿ ತಿರುಗುತ್ತದಲ್ವಾ, ಹಾಗೆ. ಅದೇ ಮಾತಿನಲ್ಲಿ ಉತ್ತರ ಕೊಡಬೇಕು ಅನ್ನುವ ಹುಚ್ಚು ಆಸೆ ಒಂದು ಕ್ಷಣ ಉಕ್ಕಿತು. ಕೊಟ್ಟಿದ್ದರೆ ಜೀವ ಹೋಗುತ್ತಿತ್ತು. ತೊದಲುತ್ತ ಫ್ರೆಂಚಿನಲ್ಲಿ ಏನೋ ಹೇಳಿದರು, ಅವನು ಹೊರಟುಹೋದ. ಕೊಲ್ಲಲು ಬಂದವನೇ ತನ್ನ ಊರಿನವನು ಅಂತ ಅವತ್ತು ಅವರಿಗೆ ಅರ್ಥವಾಯಿತು. ಊರು ಕಳೆದುಹೋಗಿದ್ದರೆ ನೆನೆದು ಅಳಬಹುದು. ಇಲ್ಲಿ ಆ ಊರು ಯಾವತ್ತೂ ತನ್ನದಾಗಿರಲೇ ಇಲ್ಲ ಅನ್ನಿಸಿಬಿಟ್ಟಿತು. ಮುಂದೆ ಅವರು ಮೇಯರ್ ಅನ್ನುವ ಹೆಸರಿನ ಅಕ್ಷರಗಳನ್ನೇ ಹಿಂದೆಮುಂದೆ ಮಾಡಿ ಅಮೇರಿ ಅಂತ ಫ್ರೆಂಚ್ ಹೆಸರು ಮಾಡಿಕೊಂಡರು. ಬರೆದದ್ದು ಮಾತ್ರ ಕೊನೆಯವರೆಗೂ ಜರ್ಮನ್‌ನಲ್ಲಿ.

ಹೋಗ್ಲಿ ಬಿಡಿ ಅನ್ನದವರು

ತನ್ನ ಸೆರೆವಾಸದ ಬಗ್ಗೆ ಅಮೇರಿ ಸುಮಾರು 20 ವರ್ಷ ಬಾಯಿ ಬಿಟ್ಟಿರಲಿಲ್ಲ. ಬರೆಯಲು ಕೂತದ್ದು ಫ್ರಾಂಕ್‌ಫರ್ಟ್‌ನಲ್ಲಿ ಆಶ್ವಿಟ್ಜ್ ಸಿಬ್ಬಂದಿಯ ವಿಚಾರಣೆ ನಡೆದ ಕಾಲದಲ್ಲಿ, 1963ರಿಂದ 1965. ಆಗ ಪಶ್ಚಿಮ ಜರ್ಮನಿಯಲ್ಲಿ ಇನ್ನೊಂದು ಚರ್ಚೆಯೂ ಎದ್ದಿತ್ತು. ಅಲ್ಲಿನ ಕಾನೂನಿನಲ್ಲಿ ಕೊಲೆ ನಡೆದು 20 ವರ್ಷ ದಾಟಿದರೆ ಹೊಸದಾಗಿ ಕೇಸು ಹಾಕುವಂತಿರಲಿಲ್ಲ. ಅಂದರೆ 1965ಕ್ಕೆ ನಾಜಿಗಳ ಲೆಕ್ಕ ಚುಕ್ತಾ. ಸಾಕಿನ್ನು, ಮುಂದೆ ನೋಡೋಣ ಅನ್ನುವವರು ಬಹಳ ಜನ ಇದ್ದರು.

ಅಮೇರಿ ಇದಕ್ಕೆ ಕೊಟ್ಟ ಉತ್ತರದಲ್ಲಿ ಒಂದು ಕಷ್ಟದ ಪದವಿದೆ, ರೆಸೆಂಟಿಮಾ. ಆರದ ಸಿಟ್ಟು ಅನ್ನಬಹುದು. ತತ್ವಜ್ಞಾನಿ ನೀಚೆ ಅದನ್ನು ಕೈಲಾಗದವರ ಒಳಗಿನ ವಿಷ ಅಂತ ಹೀಗಳೆದಿದ್ದ. ಅಮೇರಿ, ಹೌದು ನನ್ನಲ್ಲಿದೆ, ಅದನ್ನು ನಾನು ಬಿಡುವುದಿಲ್ಲ ಅಂದರು. ಯಾಕೆ?

ಒಂದು ಸಣ್ಣ ಹೋಲಿಕೆ ಕೊಡುತ್ತೇನೆ, ತೂಕದಲ್ಲಿ ಖಂಡಿತ ಸಾಟಿಯಲ್ಲ. ದಾಯಾದಿಯೊಬ್ಬ ತಮ್ಮನ ಜಮೀನು ನುಂಗಿದ ಅಂದುಕೊಳ್ಳಿ. ಹತ್ತು ವರ್ಷದ ನಂತರ ಒಂದು ಮದುವೆ ಮನೆ. ನುಂಗಿದವನು ಮುಂದಿನ ಪಂಕ್ತಿಯಲ್ಲಿ ಕೂತು ನಗುನಗುತ್ತ ಹೋಳಿಗೆ ತಿನ್ನುತ್ತಿದ್ದಾನೆ. ಕಳೆದುಕೊಂಡವನು ಮೂಲೆಯಲ್ಲಿ ಮುಖ ಗಂಟಿಕ್ಕಿದ್ದಾನೆ. ಹಿರಿಯರು ಬಂದು ಬುದ್ಧಿ ಹೇಳುವುದು ಯಾರಿಗೆ? ಮೂಲೆಯಲ್ಲಿದ್ದವನಿಗೆ. ಆಗಿದ್ದು ಆಗಿಹೋಯ್ತು, ಹೋಗ್ಲಿ ಬಿಡಪ್ಪ, ಸಂತೋಷದ ಹೊತ್ತಲ್ಲಿ ಇದೆಲ್ಲ ಯಾಕೆ? ಈಗ ಮದುವೆ ಮನೆ ಕೆಡಿಸುತ್ತಿರುವವನು ಅವನೇ ಅಂತಾಯಿತು.

ಅಮೇರಿ ತನ್ನನ್ನು ಕಂಡುಕೊಂಡದ್ದು ಈ ಮೂಲೆಯಲ್ಲಿ. ಕಾಲ ಕಳೆದಂತೆ ಗಾಯ ಮಾಯುತ್ತದೆ ಅನ್ನುವುದು ಮೈಯ ನಿಯಮ, ಅದಕ್ಕೂ ನ್ಯಾಯಕ್ಕೂ ಸಂಬಂಧವಿಲ್ಲ ಅನ್ನುತ್ತಾರೆ ಅವರು. ನ್ಯಾಯ ಕೇಳುವವನು ಕೇಳುವುದು ಅಸಾಧ್ಯವಾದದ್ದನ್ನು: ಆದದ್ದು ಆಗಬಾರದಿತ್ತು, ಕಾಲ ಹಿಂದಕ್ಕೆ ತಿರುಗಬೇಕು. ಅದು ಆಗದ ಮಾತು ಅಂತ ಅವರಿಗೂ ಗೊತ್ತು. ಕನಿಷ್ಠ ಮಾಡಿದವನೂ ಅದನ್ನೇ ಬಯಸಬೇಕು ಅನ್ನುವುದಷ್ಟೇ ಅವರ ಬೇಡಿಕೆ.

ಕ್ಯಾಂಪಿನಲ್ಲಿ ಬೆಲ್ಜಿಯಂನವನೇ ಆದ ಒಬ್ಬ ಎಸ್‌ಎಸ್ ಸಿಪಾಯಿ, ಬೇಗ ಬೇಗ ಮಣ್ಣು ತೆಗೆಯಲಿಲ್ಲ ಅಂತ ಸಲಿಕೆಯ ಹಿಡಿಯಿಂದ ಅಮೇರಿಯ ತಲೆಗೆ ಹೊಡೆಯುತ್ತಿದ್ದ. ಯುದ್ಧದ ನಂತರ ಅವನನ್ನು ಗುಂಡಿಟ್ಟು ಕೊಂದರು. ಬಂದೂಕುಗಳ ಎದುರು ನಿಂತಾಗ ಅವನೂ ಕಾಲ ಹಿಂದಕ್ಕೆ ಹೋಗಲಿ ಅಂತ ನನ್ನಷ್ಟೇ ಬಯಸಿರಬೇಕು, ಆ ಗಳಿಗೆಯಲ್ಲಿ ಅವನು ನನ್ನ ಶತ್ರುವಾಗಿ ಉಳಿಯದೆ ಮತ್ತೆ ನನ್ನಂಥ ಮನುಷ್ಯನಾದ ಅಂತ ಅಮೇರಿ ಬರೆಯುತ್ತಾರೆ. ಹಾಗಂತ ಇದನ್ನು ಸೇಡು ಅಂತ ಓದಬಾರದು. ಕಣ್ಣಿಗೆ ಕಣ್ಣು ಅನ್ನುವುದನ್ನು ಅವರು ಕೇಳಲಿಲ್ಲ. ನಾಜಿಗಳು ಆಳಿದ ಆ 12 ವರ್ಷಗಳನ್ನು ಜರ್ಮನಿ ತನ್ನವೆಂದು ಒಪ್ಪಿಕೊಳ್ಳಬೇಕು, ಬೇರೆ ಯಾರದ್ದೋ ಅನ್ನುವಂತೆ ಕಳಚಿಹಾಕಬಾರದು ಅನ್ನುವುದು ಅವರ ಮಾತು.

ಒಮ್ಮೆ ಅಮೇರಿ ಇಬ್ಬರಿಗೂ ಪರಿಚಯದ ಒಬ್ಬರಿಗೆ ಪತ್ರ ಬರೆಯುತ್ತ ಲೆವಿಯನ್ನು ಕ್ಷಮಿಸುವವನು ಅಂದಿದ್ದರು. ಅದು ಲೆವಿಯ ಕಿವಿಗೆ ಬಿತ್ತು. ಅದನ್ನು ಬೈಗುಳ ಅಂತಲೂ ತಗೊಳ್ಳುವುದಿಲ್ಲ, ಹೊಗಳಿಕೆ ಅಂತಲೂ ಇಲ್ಲ, ಮಾತೇ ಸರಿಯಿಲ್ಲ ಅಂದರು ಲೆವಿ. ನಾನು ಕ್ಷಮಿಸಿಲ್ಲ, ನ್ಯಾಯ ಬೇಕು ಅನ್ನುವವನೇ ನಾನೂ, ಕೈಯಿಂದ ಗುದ್ದಲು ಬರುವುದಿಲ್ಲ ಅಷ್ಟೆ. ಅಷ್ಟು ಹೊತ್ತಿಗೆ ಅಮೇರಿ ಇರಲಿಲ್ಲ. 1978ರ ಅಕ್ಟೋಬರ್‌ನಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಅವರು ತಾವಾಗಿ ಜೀವ ಕಳೆದುಕೊಂಡಿದ್ದರು. ಮರುವರ್ಷ, 1979ರಲ್ಲಿ, ಪಶ್ಚಿಮ ಜರ್ಮನಿ ಕೊಲೆ ಕೇಸುಗಳ ಕಾಲಮಿತಿಯನ್ನು ಪೂರ್ತಿ ತೆಗೆದುಹಾಕಿತು.

ಲೆವಿ 1987ರ ಏಪ್ರಿಲ್‌ನಲ್ಲಿ ಟ್ಯೂರಿನ್‌ನ ತಮ್ಮ ಮನೆಯ ಮೆಟ್ಟಿಲುಗಳ ನಡುವಿನ ಸಂದಿಗೆ ಬಿದ್ದು ತೀರಿಕೊಂಡರು. ಅದು ಆತ್ಮಹತ್ಯೆಯೋ ಆಕಸ್ಮಿಕವೋ ಅನ್ನುವ ವಾದ ಇನ್ನೂ ಇದೆ. ಫ್ರಾಂಕ್ಲ್ 92 ವರ್ಷ ಬದುಕಿದರು. ಈ ಮೂರು ಸಾವುಗಳನ್ನು ಮುಂದಿಟ್ಟು ಯಾರ ವಿಚಾರ ಗೆದ್ದಿತು ಅಂತ ಅಂಕ ಹಾಕುವವರಿದ್ದಾರೆ. ವಿಚಾರವನ್ನು ಅಳೆಯುವ ರೀತಿ ಅದಲ್ಲ.

ಅಮೇರಿಯ ಸಮಾಧಿ ವಿಯೆನ್ನಾದಲ್ಲಿದೆ, ಲೆವಿಯದ್ದು ಟ್ಯೂರಿನ್‌ನಲ್ಲಿ. ಎರಡೂ ಕಲ್ಲಿನ ಮೇಲೆ ಹೆಸರು, ಹುಟ್ಟಿದ ಇಸವಿ, ಸತ್ತ ಇಸವಿ ಇದೆ. ಜೊತೆಗೆ ಒಂದೊಂದು ನಂಬರ್. ಒಂದರ ಮೇಲೆ 172364, ಇನ್ನೊಂದರ ಮೇಲೆ 174517.